ಹೆಂಚಿಲ್ಲದ ಜಾಗಕ್ಕೊಂದು ದೃಷ್ಟಿಬೊಂಬೆ

ಇದು ನಡೆದದ್ದು ಕಳೆದ ಮೇ ತಿಂಗಳಲ್ಲಿ. ಆಸ್ಪತ್ರೆಯ ಆಯಾ ತಾಯಮ್ಮನ ಹೊಸ ಮನೆಯ ಗೃಹಪ್ರವೇಶವಾಗಿ ತಿಂಗಳೂ ತುಂಬಿರಲಿಲ್ಲ. ಒಂದೇ ಗಾಳಿಗೆ ಅಡುಗೆಮನೆಯ ಹೆಂಚುಗಳು ಹಾರಿಹೋದವು. ಮಳೆ ಬಂದರೆ ಒಲೆ ಉರಿಯುವಂತಿಲ್ಲ.

ಮನೆ ಕಟ್ಟಿಸಿಕೊಟ್ಟ ಕಂಟ್ರಾಕ್ಟರ್ ಚೆಲುವರಾಜು ಕಾರಿನಿಂದ ಇಳಿಯಲೂ ಇಲ್ಲ. "ನನ್ನ ಕೆಲಸದ್ದೇನೂ ತಪ್ಪಿಲ್ಲ ಕಣಮ್ಮ. ಮನೆಗೆ ದೃಷ್ಟಿ ತಾಗಿದೆ. ಒಂದು ದೃಷ್ಟಿಬೊಂಬೆ ಕಟ್ಟು."

ಮೂರನೇ ಸಲವೂ ಅದೇ ಮಾತು ಕೇಳಿ ತಾಯಮ್ಮನಿಗೆ ರೋಸಿಹೋಯಿತು.

"ಬೊಂಬೆಯ ಮುಖ ಹೇಗಿರಬೇಕು ಸ್ವಾಮಿ?"

"ನೋಡಿದವರು ಬೆಚ್ಚಿಬೀಳಬೇಕು, ಹಾಗಿರಲಿ."

ಗೃಹಪ್ರವೇಶದಂದು ಚೆಲುವರಾಜು ತಾವೇ ಗೇಟಿಗೆ ಕಟ್ಟಿಸಿದ್ದ ಫ್ಲೆಕ್ಸಿನಲ್ಲಿ ಅವರ ನಗುಮುಖ ಆಳೆತ್ತರಕ್ಕಿತ್ತು. ತಾಯಮ್ಮ ಅದನ್ನು ಚೌಕಟ್ಟಿನ ಸಮೇತ ಬಿಚ್ಚಿ, ಹೆಂಚು ಹಾರಿದ ಜಾಗದಲ್ಲಿ ನಿಲ್ಲಿಸಿ, ಕೆಳಗೊಂದು ಬೂದುಗುಂಬಳ ಇಳಿಬಿಟ್ಟಳು. ಬಸ್ಸಿನಲ್ಲಿ ಹೋಗುವವರೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ನಕ್ಕರು.

ಮಧ್ಯಾಹ್ನ ಚೆಲುವರಾಜು ಏದುಸಿರು ಬಿಡುತ್ತ ಬಂದರು. "ಏನಮ್ಮ, ನನ್ನ ಮಾನ ಹರಾಜು ಹಾಕ್ತಿದ್ದೀಯಾ? ಮೊದಲು ಇಳಿಸು!"

"ಇಳಿಸ್ತೀನಿ ಸ್ವಾಮಿ. ಆದರೆ ಜಾಗ ಖಾಲಿ ಬಿಟ್ಟರೆ ಮತ್ತೆ ದೃಷ್ಟಿ ತಾಗುತ್ತಲ್ಲ? ಅಲ್ಲಿ ಹೆಂಚಾದರೂ ಇರಲಿ, ನೀವಾದರೂ ಇರಿ."

ಸಂಜೆಯೊಳಗೆ ಏಣಿ ಬಂತು, ಹೆಂಚು ಬಂತು. ಇಬ್ಬರು ಮಾಡುವ ಕೆಲಸಕ್ಕೆ ಚಾವಣಿ ಹತ್ತಿದ ಆಳುಗಳು ಏಳು ಮಂದಿ.