ಕೌನ್ಸಿಲರ್ ನೆಟ್ಟ ಹೊಂಗೆ

ಪಾರ್ಕಿನ ರಾಜ್ಯೋತ್ಸವಕ್ಕೆ ವೇದಿಕೆ ಎಲ್ಲಿ ಹಾಕೋದು ಎಂದು ನಾವು ಸ್ವಯಂಸೇವಕರು ಮಾಲಿಯ ಜೊತೆ ಮಾತಾಡುತ್ತಿದ್ದೆವು. ಅಷ್ಟರಲ್ಲಿ ಕೌನ್ಸಿಲರ್ ನಾಗಭೂಷಣ ಬಂದರು.

"ಆ ಹೊಂಗೆ ಮರ ಕಡಿಸಯ್ಯ. ವೇದಿಕೆ ಅಲ್ಲೇ ಆಗಬೇಕು. ಗರಗಸದವರು ಗೇಟಿನ ಹತ್ರ ನಿಂತಿದ್ದಾರೆ."

ಎದುರಾಡಿದರೆ ಮಾಲಿಯ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಮರ ಹೋಗುತ್ತದೆ. ಮಾಲಿ ಕೈಕಟ್ಟಿಕೊಂಡು ಮುಂದೆ ಬಂದ.

"ಕಡಿಸ್ತೀನಿ ಸಾರ್. ಆದ್ರೆ ನೀವು ಮೊದಲ ಸಲ ಗೆದ್ದಾಗ ವನಮಹೋತ್ಸವದಲ್ಲಿ ಕೈಯಾರೆ ನೆಟ್ಟ ಗಿಡ ಇದು. ಜನ ಏನಂತಾರೋ ಅಂತ ಭಯ."

ಕೌನ್ಸಿಲರ್ ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. "ಎಷ್ಟು ಬೆಳೆದುಬಿಟ್ಟಿದೆ!" ಎಂದು ತಬ್ಬಿಕೊಂಡು ಫೋಟೋ ತೆಗೆಸಿಕೊಂಡರು. ಗರಗಸದವರನ್ನು ವಾಪಸ್ ಕಳಿಸಿದರು.

ಅವರ ಕಾರು ತಿರುವು ದಾಟುವವರೆಗೂ ನಾವು ಕೈಬೀಸಿದೆವು.

"ನಿಜವಾಗ್ಲೂ ಅವರೇ ನೆಟ್ಟಿದ್ದಾ?" ಎಂದೆ.

"ಎಲ್ಲಿ ಬಂತಮ್ಮಾ! ಅವರು ನೆಟ್ಟಿದ್ದು ವಾರದಲ್ಲೇ ಒಣಗಿಹೋಯ್ತು. ಫೋಟೋ ಅವಸರದಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ನೆಟ್ಟಿದ್ರು."