ಕಣ್ಣು ಬರೆಯದ ಚಿತ್ರ

"ಗುರುಗಳೇ, ನಮ್ಮ ವಿಹಾರದ ಗೋಡೆಯ ಮೇಲೆ ಹೆಂಗಸರು ಕುಣಿಯುತ್ತಾರೆ, ಅಳುತ್ತಾರೆ, ಪಾಯಸದ ಬಟ್ಟಲು ಹಿಡಿದು ನಿಲ್ಲುತ್ತಾರೆ. ಧರ್ಮ ಕೇಳುತ್ತ ಕೂತವಳು ಒಬ್ಬಳೇ. ಅವಳಿಗೆ ಕಣ್ಣೇ ಇಲ್ಲ. ಬಣ್ಣ ಉದುರಿತೇ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಹೇಳಿದರು:

ಒಬ್ಬ ಚಿತ್ರಕಾರನಿದ್ದ. ಬುದ್ಧನ ಕತೆಯನ್ನು ವಿಹಾರಗಳ ಗೋಡೆಯ ಮೇಲೆ ಬರೆಯುವುದು ಅವನ ಕುಲಕಸುಬು. ಅವನ ಹೆಂಡತಿ ಗಾರೆ ಕಲಸುತ್ತಿದ್ದಳು, ಬಣ್ಣದ ಕಲ್ಲು ಅರೆಯುತ್ತಿದ್ದಳು. ಅವನ ಕೈಯನ್ನು ಊರೂರೇ ಹೊಗಳುತ್ತಿತ್ತು. ಅವಳ ಕೈಯನ್ನು ಅವನೂ ಹೊಗಳಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ.

ರಾಜಕುಮಾರ ಮನೆ ಬಿಟ್ಟು ಹೊರಡುವ ಚಿತ್ರ ಎಲ್ಲ ವಿಹಾರಕ್ಕೂ ಬೇಕು. ಅದರಲ್ಲಿ ಅವನ ಮಡದಿ ಮಗುವನ್ನು ತಬ್ಬಿ ನಿದ್ದೆಹೋಗಿರಬೇಕು. ಚಿತ್ರಕಾರ ತನ್ನ ಹೆಂಡತಿಯನ್ನೇ ನೆಲದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ನೋಡಿ ಬರೆಯುತ್ತಿದ್ದ. ಹೀಗೆ ಮೂವತ್ತು ವರ್ಷ ನಡೆಯಿತು.

ಒಂದು ದಿನ ಅವಳು ಮಲಗಿದಲ್ಲಿಂದಲೇ ಕೇಳಿದಳು: "ಒಂದ್ಸಲ ನನ್ನನ್ನ ಎಚ್ಚರವಾಗಿರೋ ಹಾಗೆ ಬರೀರಿ. ಬುದ್ಧನ ಮಾತು ಕೇಳ್ತಾ ಕೂತಿರ್ತೀನಿ."

"ಹಾಗೆ ಬರೆಯೋ ಪದ್ಧತಿ ಇಲ್ಲ. ಅಲ್ಲಾಡಬೇಡ, ಕಣ್ಣು ಮುಚ್ಚು" ಎಂದ ಅವನು.

ಅವಳು ಕಣ್ಣು ಮುಚ್ಚಿದಳು. ಮತ್ತೆ ಕೇಳಲಿಲ್ಲ. ಅದೇ ವರ್ಷ ಜ್ವರ ಬಂದು ತೀರಿಕೊಂಡಳು.

ಅವಳು ಅರೆದಿಟ್ಟ ಬಣ್ಣ ಒಂದು ಕುಡಿಕೆಯಷ್ಟು ಉಳಿದಿತ್ತು. ಚಿತ್ರಕಾರ ಅದನ್ನು ಕೈಗೆತ್ತಿಕೊಂಡ. ಪದ್ಧತಿ ಮುರಿದರೆ ಮುರಿಯಲಿ ಎಂದು, ಬುದ್ಧನ ಮುಂದೆ ಕೂತ ಭಿಕ್ಷುಗಳ ಸಾಲಿನಲ್ಲಿ ಅವಳನ್ನು ಬರೆದ. ಹಣೆ ಬಂತು, ತುಟಿ ಬಂತು, ಕಲ್ಲು ಅರೆದು ಸವೆದ ಬೆರಳೂ ಬಂತು. ಕಣ್ಣನ್ನು ಕೊನೆಗೆ ಬರೆಯುವುದು ಆ ಕಸುಬಿನ ನೇಮ. ಕಣ್ಣು ಬಂದ ಮೇಲೆಯೇ ಚಿತ್ರಕ್ಕೆ ಜೀವ.

ಅವನು ಕುಂಚ ಎತ್ತಿದ. ಅವಳ ರೆಪ್ಪೆಯ ಒಂದೊಂದು ಕೂದಲೂ ನೆನಪಿತ್ತು. ಆ ರೆಪ್ಪೆ ತೆರೆದರೆ ಹೇಗಿರುತ್ತಿತ್ತು ಎಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಇನ್ನಾರದೋ ಕಣ್ಣು ಬರೆದಿದ್ದರೆ ನೋಡುವವರಿಗೆ ತಿಳಿಯುತ್ತಿರಲಿಲ್ಲ. ಆದರೆ ಅವನು ಬರೆಯಲಿಲ್ಲ. ಕುಂಚ ತೊಳೆದಿಟ್ಟವನು ಮತ್ತೆ ಅದನ್ನು ಮುಟ್ಟಲಿಲ್ಲ.

ಶಿಷ್ಯೆಗೆ ಸಿಟ್ಟು ಬಂತು. "ಕಣ್ಣಿದ್ದೂ ಕುರುಡ! ಎಂಥ ಗಂಡ ಅವನು?" ಎಂದಳು.

ಗುರುಗಳು ಗೋಡೆಯ ಕಡೆ ತಿರುಗಿದರು.

"ಬಣ್ಣ ಉದುರಿಲ್ಲ ಮಗಳೇ, ಅವಳ ಕಣ್ಣನ್ನು ನಾನು ಒಮ್ಮೆಯೂ ನೋಡಿರಲಿಲ್ಲ."