ಮೂರು ಎಳೆತ

ಹೊಳೆ ತಿರುಗುವ ಕಡೆ ಒಂದು ಆಶ್ರಮ. ಅಲ್ಲಿ ಸಿಂಗಿನಾಥರೆಂಬ ವೃದ್ಧ ಗುರುಗಳು, ಅವರಿಗೆ ಪರ್ವತನೆಂಬ ಒಬ್ಬನೇ ಶಿಷ್ಯ.

ಪರ್ವತನಿಗೆ ಮಾತುಗಳನ್ನು ಕೂಡಿಹಾಕುವ ಹುಚ್ಚು. ಅದರಲ್ಲೂ ಮೈಮನಸ್ಸು ಚುರುಕಾಗುವ ಗಳಿಗೆಗಳ ಮಾತು. ತವಕ, ಕಾತರ, ಪುಳಕ, ಉದ್ವೇಗ, ರೋಮಾಂಚ ಎಂದು ಓಲೆಗರಿಗಳ ಮೇಲೆ ಕೊರೆದಿಟ್ಟಿದ್ದ. ಬೇಟೆಗಾರರನ್ನು ಕೇಳಿ ‘ಕಿವಿ ನಿಮಿರಿತು’ ಎಂಬುದನ್ನೂ, ನೀರಿಗೆ ಬಂದ ಹೆಂಗಸರನ್ನು ಕೇಳಿ ‘ಎದೆ ಝಲ್ಲೆಂದಿತು’ ಎಂಬುದನ್ನೂ ಸೇರಿಸಿದ್ದ. ಹೀಗೆ ಅರವತ್ತು ಗರಿ ತುಂಬಿದ್ದವು. ಇಷ್ಟು ಪುಳಕ ಕೂಡಿಹಾಕಿದವನ ಮೈ ಒಂದು ಸಲವೂ ಜುಮ್ಮೆಂದಿರಲಿಲ್ಲ, ಅದು ಬೇರೆ ಮಾತು.

ಒಂದು ದಿನ ಗರಿಗಳ ಕಟ್ಟನ್ನು ಗುರುಗಳ ಮುಂದಿಟ್ಟು, ಬಂದು ಏಳು ವರ್ಷವಾಯಿತು, ಇನ್ನಾದರೂ ದೀಕ್ಷೆ ಕೊಡಿ ಎಂದು ಕೇಳಿಕೊಂಡ.

ಗುರುಗಳು ಒಂದೊಂದೇ ಗರಿ ತಿರುವಿದರು. ಕೊನೆಯದು ಖಾಲಿಯಿತ್ತು.

“ಏನಯ್ಯಾ ಇದು?”

“ಪೂರ್ತಿ ಎಚ್ಚರವಾದವನ ಸ್ಥಿತಿಗೆ ಸರಿಯಾದ ಮಾತು ಸಿಕ್ಕಿಲ್ಲ, ಗುರುಗಳೇ. ಅದು ಹೆದರಿಕೆಯಲ್ಲ, ಸಂತೋಷವೂ ಅಲ್ಲ. ಅವೆರಡೂ ಹುಟ್ಟುವ ಮುಂಚಿನದು.”

“ಅದು ಸಿಕ್ಕಿದ ದಿನ ದೀಕ್ಷೆ,” ಎಂದರು ಗುರುಗಳು. “ಏಳು, ಸ್ನಾನದ ಹೊತ್ತಾಯಿತು.”

ಆಶ್ರಮದ ಮುಂದಿನ ಮಡುವಿನಲ್ಲಿ ಸುಳಿಯಿತ್ತು. ಅದಕ್ಕಾಗಿ ಅಲ್ಲೊಂದು ಕಟ್ಟಳೆ. ನೀರಿಗಿಳಿಯುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಬೇಕು, ಇನ್ನೊಬ್ಬರು ಬಂಡೆಯ ಮೇಲೆ ಕೂತು ಅದರ ತುದಿ ಹಿಡಿದಿರಬೇಕು. ಒಳಗಿನಿಂದ ಮೂರು ಸಲ ಎಳೆದರೆ ಮೇಲಕ್ಕೆ ಸೆಳೆದುಕೊಳ್ಳಬೇಕು. ಹಗ್ಗ ಹಿಡಿದವರು ಮಾತಾಡುವಂತಿಲ್ಲ, ಜಪ ಮಾಡುವಂತೆಯೂ ಇಲ್ಲ. ಏಳು ವರ್ಷ ದಿನವೂ ಹಿಡಿದು ಹಿಡಿದು ಪರ್ವತನಿಗೆ ಅದು ಆಕಳಿಕೆ ತರಿಸುವ ಕೆಲಸವಾಗಿತ್ತು.

ನೆತ್ತಿಯ ಮೇಲೆ ಬಿಸಿಲು. ಗುರುಗಳು ಮುಳುಗಿದರು.

ಸ್ವಲ್ಪ ಹೊತ್ತಿಗೆ ಹಕ್ಕಿಗಳ ಸದ್ದು ನಿಂತಿತು. ಜೀರುಂಡೆಗಳೂ ಸುಮ್ಮನಾದವು. ಹೊಳೆ ಹರಿಯುತ್ತಿತ್ತು, ಆದರೆ ಹರಿಯುವ ಸದ್ದು ಇರಲಿಲ್ಲ. ಪರ್ವತನ ಮುಂಗೈ ಕೂದಲು ಒಂದೊಂದಾಗಿ ಎದ್ದು ನಿಂತವು. ಯಾರೋ ತನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು, ಅದೂ ನೀರಿನ ಒಳಗಿನಿಂದ.

ಆಗಲೇ ಆ ಮಾತು ಹೊಳೆಯಿತು. ಮೈಗಣ್ಣು. ಮೈಯೆಲ್ಲ ಕಣ್ಣಾಗುವುದು.

ಅವನ ಸಂತೋಷ ಹೇಳತೀರದು. ಎಲ್ಲಿ ಮರೆತುಹೋಗುತ್ತದೋ ಎಂದು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಆ ಖಾಲಿ ಗರಿ ತೆಗೆದು ಅಲ್ಲೇ ಬರೆಯಹೊರಟ. ಗರಿ ಹಿಡಿಯಲು ಒಂದು ಕೈ ಬೇಕು, ಕೊರೆಯುವ ಕಬ್ಬಿಣದ ಕಡ್ಡಿಗೆ ಇನ್ನೊಂದು. ಹಗ್ಗವನ್ನು ಪಕ್ಕಕ್ಕಿಟ್ಟ.

ಕೊನೆಯ ಅಕ್ಷರಕ್ಕೆ ಬರುವಾಗ ಬಂಡೆಯ ಮೇಲೆ ಸರ್ರನೆ ಸದ್ದಾಯಿತು. ತಿರುಗಿ ನೋಡಿದರೆ ಹಗ್ಗವಿಲ್ಲ. ಮಡುವಿನಲ್ಲಿ ಒಂದು ಅಲೆಯೂ ಇಲ್ಲ.

ಪರ್ವತ ಬಂಡೆಯ ಅಂಚಿಗೆ ಬಂದು ನೀರಿನತ್ತ ಬಗ್ಗಿದ. ಬಂಡೆಯ ಮೇಲೆ ಇರುವೆ ನಡೆಯುವುದು ಕೇಳಿಸಿತು. ತನ್ನ ಕಣ್ಣಿನ ರೆಪ್ಪೆ ಮುಚ್ಚಿ ತೆರೆಯುವುದು ಕೇಳಿಸಿತು. ತಂದೆಗಿಂತ ಹೆಚ್ಚಾಗಿದ್ದವರನ್ನು ತಾನೇ ಕೊಂದೆ ಎಂದು ತಿಳಿಯಿತು.

“ಇದಕ್ಕೆ ಏನನ್ನುತ್ತಾರೆ, ಪರ್ವತ?”

ಬಂಡೆಯ ಬುಡದಲ್ಲಿ, ಜೊಂಡಿನ ನಡುವೆ ಗುರುಗಳು ನಿಂತಿದ್ದರು. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಜಾರಿಹೋದ ಹಗ್ಗದ ತುದಿ ಅವರ ಕೈಯಲ್ಲಿತ್ತು.

ಪರ್ವತ ಇಳಿದು ಬಂದು ಅವರ ಕಾಲು ಹಿಡಿದು ಅತ್ತ. ಅವರು ಗದರಿಸಲಿಲ್ಲ. ನೀರಿನೊಳಗೆ ಸೊಂಟದ ಗಂಟು ಬಿಚ್ಚಿ, ಹಗ್ಗವನ್ನು ತಳದ ಕಲ್ಲಿಗೆ ಕಟ್ಟಿ, ಜೊಂಡಿನ ಮರೆಯಲ್ಲಿ ಮೇಲೆ ಬಂದು ಬಂಡೆಯ ಮೇಲಿನ ತುದಿಯನ್ನು ತಾವೇ ಜಗ್ಗಿದೆವೆಂದು ಹೇಳಿದರು.

“ಏನನ್ನುತ್ತಾರೆ ಹೇಳು.”

“ಮಾತಿಲ್ಲ, ಗುರುಗಳೇ.”

ಅವರು ತಲೆದೂಗಿದರು. ಆಗ ಪರ್ವತನ ಕಣ್ಣು ಹಗ್ಗದ ಮೇಲೆ ಬಿತ್ತು. ಅದು ಮಡುವಿನವರೆಗೂ ಬಿಗಿಯಾಗಿತ್ತು. ನೋಡುತ್ತಿದ್ದಂತೆ ನೀರಿನ ಕಡೆಗೆ ಒಮ್ಮೆ ಎಳೆಯಿತು. ಮತ್ತೊಮ್ಮೆ. ಇನ್ನೂ ಒಮ್ಮೆ.

“ಗುರುಗಳೇ, ಕಲ್ಲು ಎಳೆಯುತ್ತದೆಯೇ?”

“ಇಲ್ಲ.”

“ಮತ್ತೆ ಯಾರು?”

ಗುರುಗಳು ನೀರನ್ನೇ ನೋಡುತ್ತಿದ್ದರು. ಅವರ ಮುಂಗೈ ಕೂದಲೂ ಎದ್ದು ನಿಂತಿತ್ತು.

“ನಲವತ್ತು ವರ್ಷದ ಹಿಂದೆ ನನ್ನ ಗುರುಗಳು ಇಲ್ಲೇ ಮುಳುಗಿದರು. ಹಗ್ಗ ನನ್ನ ಕೈಯಲ್ಲಿತ್ತು. ನಾನು ಕಣ್ಣು ಮುಚ್ಚಿಕೊಂಡು ಒಂದು ಶ್ಲೋಕ ಕಟ್ಟುತ್ತಿದ್ದೆ. ಅವರು ಮೇಲೆ ಬರಲೇ ಇಲ್ಲ.”

ಹಗ್ಗ ಮತ್ತೆ ಎಳೆಯಿತು, ಮೂರು ಸಲ.

ಗುರುಗಳು ಅದರ ತುದಿಯನ್ನು ಶಿಷ್ಯನ ಕೈಗಿಟ್ಟು, ಅವನ ಮುಂದೆ ನಿಂತು ತಾವೂ ಹಿಡಿದುಕೊಂಡರು.

“ಇದೇ ನಿನ್ನ ದೀಕ್ಷೆ. ಮೇಲೆ ಯಾರೇ ಬರಲಿ, ಹಗ್ಗ ಬಿಡಬೇಡ.”